ಯುರೇನಿಯಂ ಶುದ್ಧಿಗೆ ಅಡಿಪಾಯ ಹಾಕಿದ ಹೋಮಿ ಭಾಭಾ

ಭಾರತದ ಅಣುಶಕ್ತಿ ಕಾರ್ಯಕ್ರಮದ ಪಿತಾಮಹರೆಂದೇ ಖ್ಯಾತರಾದ ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಹೆಸರಿನೊಡನೆ ನೆನಪಾಗುವುದು ಅಣು ರಿಯಾಕ್ಟರ್‌ಗಳು. ಆದರೆ ಅಷ್ಟೇ ಮಹತ್ವವನ್ನು ಅವರು ಸದ್ದಿಲ್ಲದ ಇನ್ನೊಂದು ವಿದ್ಯೆಗೂ ನೀಡಿದ್ದರು. ಅದು ಆಮ್ಲದ ದ್ರಾವಣದಿಂದ ಯುರೇನಿಯಂ ಬೇರ್ಪಡಿಸುವ ರಸಾಯನ ವಿದ್ಯೆ.

ಮುಂಬಯಿಯ ಪಾರ್ಸಿ ಕುಟುಂಬದಲ್ಲಿ 1909ರ ಅಕ್ಟೋಬರ್ 30ರಂದು ಜನಿಸಿದ ಭಾಭಾ, ಕೇಂಬ್ರಿಜ್‌ನಲ್ಲಿ ತಂದೆಯ ಇಚ್ಛೆಯಂತೆ ಎಂಜಿನಿಯರಿಂಗ್ ಮುಗಿಸಿ, ತಮ್ಮ ಒಲವಿನ ಭೌತವಿಜ್ಞಾನಕ್ಕೆ ಹೊರಳಿದರು. 1939ರಲ್ಲಿ ರಜೆಗೆಂದು ತಾಯ್ನಾಡಿಗೆ ಬಂದಿದ್ದಾಗ ಎರಡನೇ ಮಹಾಯುದ್ಧ ಆರಂಭವಾಗಿ, ಅವರು ಇಲ್ಲಿಯೇ ಉಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗವನ್ನು ಸೇರಿ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದರು. ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದೂ ಬೆಂಗಳೂರಿನಲ್ಲೇ.

1948ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದ ಭಾಭಾ, ದೇಶದಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಹೇರಳ ಎಂಬುದನ್ನು ಮನಗಂಡಿದ್ದರು. ಥೋರಿಯಂ ಬಳಕೆಗೆ ಮುನ್ನ ಯುರೇನಿಯಂ ಉರಿಸಿ ಪ್ಲುಟೋನಿಯಂ ಪಡೆಯಬೇಕೆಂಬುದು ಅವರ ಮೂರು ಹಂತಗಳ ಯೋಜನೆ. ಆದರೆ ಇಂಧನದಲ್ಲಿ ಬೋರಾನ್‌ನಂಥ ಕಲ್ಮಶ ಲೇಶಮಾತ್ರ ಉಳಿದರೂ ಅದು ನ್ಯೂಟ್ರಾನ್‌ಗಳನ್ನು ಹೀರಿಬಿಡುತ್ತದೆ.

ಇದಕ್ಕೆ ಪರಿಹಾರ ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ಸಾವಯವ ದ್ರವ. ಕಚ್ಚಾ ಯುರೇನಿಯಂ ಅನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸೀಮೆಎಣ್ಣೆಯಂಥ ದ್ರವದಲ್ಲಿ ಬೆರೆಸಿದ ಈ ಫಾಸ್ಫೇಟಿನೊಡನೆ ಕಲಕಿದರೆ, ಅದರ ಅಣುಗಳು ಯುರೇನಿಯಂ ಅನ್ನು ಹಿಡಿದು ತಮ್ಮತ್ತ ಸೆಳೆಯುತ್ತವೆ. ಕಲ್ಮಶ ಆಮ್ಲದಲ್ಲೇ ಉಳಿಯುತ್ತದೆ. ನೀರಿನ ಮೇಲೆ ಎಣ್ಣೆ ತೇಲುವಂತೆ ಯುರೇನಿಯಂ ಹೊತ್ತ ಪದರ ಮೇಲೆ ನಿಲ್ಲುತ್ತದೆ. 1959ರ ಜನವರಿಯಲ್ಲಿ ಟ್ರಾಂಬೆಯಲ್ಲಿ ರಿಯಾಕ್ಟರಿಗೆ ತಕ್ಕ ಶುದ್ಧಿಯ ಮೊದಲ ಯುರೇನಿಯಂ ಗಟ್ಟಿ ಸಿದ್ಧವಾಯಿತು.

ಸೈರಸ್ ರಿಯಾಕ್ಟರಿನಲ್ಲಿ ಉರಿದ ಇಂಧನದಿಂದ ಪ್ಲುಟೋನಿಯಂ ತೆಗೆಯಲೂ ಇದೇ ದ್ರವ ನೆರವಾಯಿತು. ಹೋಮಿ ಸೇಠ್ನಾ ನೇತೃತ್ವದಲ್ಲಿ ಭಾರತೀಯ ಎಂಜಿನಿಯರುಗಳು ಕಟ್ಟಿದ ಪ್ಲುಟೋನಿಯಂ ಸ್ಥಾವರವನ್ನು 1965ರ ಜನವರಿ 22ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಉದ್ಘಾಟಿಸಿದರು.

ಮರುವರ್ಷ ಜನವರಿ 24ರಂದು, ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿ ಭಾಭಾ ದುರ್ಮರಣಕ್ಕೀಡಾದರು. ಆಗ ಅವರ ವಯಸ್ಸು 56. 1967ರಲ್ಲಿ ಟ್ರಾಂಬೆ ಕೇಂದ್ರಕ್ಕೆ ಅವರ ಹೆಸರನ್ನೇ ಇಡಲಾಯಿತು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸ್ಫೋಟಿಸಿದ್ದು ಇಲ್ಲಿ ಬೇರ್ಪಡಿಸಿದ ಪ್ಲುಟೋನಿಯಂ. ವಿದ್ಯುತ್ತಿಗೂ ಅಸ್ತ್ರಕ್ಕೂ ಸಲ್ಲುವ ಈ ವಿದ್ಯೆಯ ಎರಡೂ ಮುಖಗಳನ್ನು ಅವರು ದೇಶಕ್ಕೆ ಬಿಟ್ಟುಹೋಗಿದ್ದರು.