ಫಿಲಿಪ್ಪೊ ಬ್ರುನೆಲ್ಲೆಸ್ಕಿ

ಫಿಲಿಪ್ಪೊ ಬ್ರುನೆಲ್ಲೆಸ್ಕಿ (1377 – ಏಪ್ರಿಲ್ 15, 1446) ಇಟಲಿಯ ಫ್ಲಾರೆನ್ಸ್ ನಗರದ ವಾಸ್ತುಶಿಲ್ಪಿ, ಶಿಲ್ಪಿ ಹಾಗೂ ಯಂತ್ರ ನಿರ್ಮಾಪಕ. ಫ್ಲಾರೆನ್ಸಿನ ಸಾಂತಾ ಮಾರಿಯಾ ದೆಲ್ ಫಿಯೋರೆ ಕ್ಯಾಥೆಡ್ರಲ್‌ನ ಬೃಹತ್ ಗುಮ್ಮಟ ಈತನ ಪ್ರಮುಖ ಕೃತಿ. ಆಳ ಮತ್ತು ದೂರಗಳನ್ನು ಗಣಿತದ ನಿಯಮಕ್ಕೆ ಅನುಗುಣವಾಗಿ ಚಪ್ಪಟೆ ಹಲಗೆಯ ಮೇಲೆ ಮೂಡಿಸುವ ರೇಖಾ ಪರ್ಸ್ಪೆಕ್ಟಿವ್ ವಿಧಾನವನ್ನು ಪ್ರಯೋಗದ ಮೂಲಕ ತೋರಿಸಿಕೊಟ್ಟವನೆಂದೂ ಈತ ಪ್ರಸಿದ್ಧನಾಗಿದ್ದಾನೆ.

ಬಾಲ್ಯ ಮತ್ತು ಶಿಕ್ಷಣ

ಬ್ರುನೆಲ್ಲೆಸ್ಕಿ ಹುಟ್ಟಿದ್ದು ಫ್ಲಾರೆನ್ಸಿನಲ್ಲಿ. ತಂದೆ ಬ್ರುನೆಲ್ಲೆಸ್ಕೊ ದಿ ಲಿಪ್ಪೊ ದಸ್ತಾವೇಜುಗಳನ್ನು ಬರೆಯುವ ನೋಟರಿಯಾಗಿದ್ದನು. ಮಗನೂ ಅದೇ ವೃತ್ತಿಯನ್ನು ಹಿಡಿಯಲೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಆದರೆ ಬಾಲಕನ ಒಲವು ಕೈಕೆಲಸದ ಕಡೆಗಿದ್ದುದರಿಂದ ಆತನನ್ನು ಅಕ್ಕಸಾಲಿಗನ ಬಳಿ ಕಲಿಯಲು ಬಿಡಲಾಯಿತು. 1398ರಲ್ಲಿ ಆತ ರೇಷ್ಮೆ ವೃತ್ತಿಸಂಘವನ್ನು ಸೇರಿದನು. ಅಕ್ಕಸಾಲಿಗರು ಆ ಸಂಘದ ವ್ಯಾಪ್ತಿಗೇ ಸೇರಿದ್ದರು.

1401ರ ಸ್ಪರ್ಧೆ

ಫ್ಲಾರೆನ್ಸಿನ ದೀಕ್ಷಾಸ್ನಾನ ಮಂದಿರಕ್ಕೆ ಕಂಚಿನ ಬಾಗಿಲುಗಳನ್ನು ಮಾಡಿಸಲು 1401ರಲ್ಲಿ ಸ್ಪರ್ಧೆ ಏರ್ಪಟ್ಟಿತು. ಐಸಾಕನ ಬಲಿಯ ಪ್ರಸಂಗವನ್ನು ಕಂಚಿನ ಫಲಕದಲ್ಲಿ ಮೂಡಿಸಬೇಕೆಂಬುದು ನಿಯಮವಾಗಿತ್ತು. ಕೆಲಸ ಅಂತಿಮವಾಗಿ ದೊರೆತದ್ದು ಲೊರೆಂಜೊ ಗಿಬೆರ್ಟಿಗೆ. ತಾನು ಏಕಮತದಿಂದ ಗೆದ್ದೆನೆಂದು ಗಿಬೆರ್ಟಿ ಬರೆದುಕೊಂಡಿದ್ದಾನೆ. ಇಬ್ಬರೂ ಕೂಡಿ ಕೆಲಸ ಮಾಡಲೆಂದು ತೀರ್ಪುಗಾರರು ಸೂಚಿಸಿದಾಗ ಬ್ರುನೆಲ್ಲೆಸ್ಕಿ ಒಪ್ಪಲಿಲ್ಲವೆಂದು ಆತನ ಚರಿತ್ರಕಾರ ಆಂತೋನಿಯೊ ಮನೆತ್ತಿ ಹೇಳುತ್ತಾನೆ. ಇಬ್ಬರ ಫಲಕಗಳೂ ಇಂದು ಫ್ಲಾರೆನ್ಸಿನ ಬಾರ್ಜೆಲ್ಲೊ ವಸ್ತುಸಂಗ್ರಹಾಲಯದಲ್ಲಿವೆ. ಸೋಲಿನ ನಂತರ ಬ್ರುನೆಲ್ಲೆಸ್ಕಿ ಶಿಲ್ಪಿ ದೊನಾತೆಲ್ಲೊನೊಡನೆ ರೋಮಿಗೆ ಹೋಗಿ, ಪ್ರಾಚೀನ ಕಟ್ಟಡಗಳ ಅವಶೇಷಗಳನ್ನು ಅಳತೆಮಾಡಿ ಅಭ್ಯಸಿಸಿದನೆಂದೂ ಮನೆತ್ತಿ ತಿಳಿಸುತ್ತಾನೆ.

ಕನ್ನಡಿಯ ಪ್ರಯೋಗ

ಪರ್ಸ್ಪೆಕ್ಟಿವ್ ಪ್ರಯೋಗ ನಡೆದದ್ದು 15ನೆಯ ಶತಮಾನದ ಆರಂಭದ ದಶಕಗಳಲ್ಲಿ. ಕ್ಯಾಥೆಡ್ರಲ್‌ನ ಮುಖ್ಯ ಬಾಗಿಲಿನ ಒಳಗೆ ನಿಂತರೆ ಎದುರಿಗಿರುವ ದೀಕ್ಷಾಸ್ನಾನ ಮಂದಿರ ಹೇಗೆ ಕಾಣುವುದೋ ಹಾಗೆಯೇ ಅದನ್ನು ಆತ ಒಂದು ಸಣ್ಣ ಹಲಗೆಯ ಮೇಲೆ ಬರೆದನು. ಆಕಾಶವನ್ನು ಮಾತ್ರ ಬಣ್ಣದಿಂದ ಬರೆಯದೆ ಆ ಭಾಗಕ್ಕೆ ಹೊಳಪಿನ ಬೆಳ್ಳಿಯನ್ನು ಹಚ್ಚಿದನು. ಇದರಿಂದ ನಿಜವಾದ ಮೋಡಗಳು ಅದರಲ್ಲಿ ಪ್ರತಿಫಲಿಸಿ ಚಲಿಸುತ್ತಿದ್ದವು. ಹಲಗೆಯಲ್ಲಿ ಒಂದು ಚಿಕ್ಕ ರಂಧ್ರವಿತ್ತು. ನೋಡುವವನು ಹಲಗೆಯ ಹಿಂಬದಿಯಿಂದ ಆ ರಂಧ್ರಕ್ಕೆ ಕಣ್ಣಿಟ್ಟು, ಮತ್ತೊಂದು ಕೈಯಲ್ಲಿ ಚಿತ್ರದ ಎದುರಿಗೆ ಕನ್ನಡಿಯನ್ನು ಹಿಡಿಯಬೇಕಿತ್ತು. ಕನ್ನಡಿಯಲ್ಲಿ ಕಾಣುವ ಚಿತ್ರ ಸಾಕ್ಷಾತ್ ಕಟ್ಟಡದಂತೆಯೇ ತೋರುತ್ತಿತ್ತು.

ಈ ಪ್ರಯೋಗದ ಮರ್ಮವಿರುವುದು ರಂಧ್ರದಲ್ಲಿ. ಪರ್ಸ್ಪೆಕ್ಟಿವ್ ಚಿತ್ರವು ಒಂದೇ ಕಣ್ಣಿಗೆ, ಒಂದೇ ಸ್ಥಾನದಿಂದ ಕಾಣುವ ನೋಟ. ಕಣ್ಣು ಸ್ವಲ್ಪ ಸರಿದರೂ ಹೊಂದಿಕೆ ತಪ್ಪುತ್ತದೆ. ರಂಧ್ರವು ಕಣ್ಣನ್ನು ಸರಿಯಾದ ಸ್ಥಾನದಲ್ಲಿ ನಿಲ್ಲಿಸುತ್ತಿತ್ತು. ಫ್ಲಾರೆನ್ಸಿನ ಆಡಳಿತ ಭವನದ ಚೌಕವನ್ನು ತೋರಿಸುವ ಮತ್ತೊಂದು ಹಲಗೆಯನ್ನೂ ಆತ ಬರೆದನು. ಇವೆರಡೂ ಈಗ ಉಳಿದಿಲ್ಲ. ಈ ವಿಷಯವಾಗಿ ಆತ ಬರೆದ ಗ್ರಂಥವೂ ಇಲ್ಲ. ಮನೆತ್ತಿಯ ವಿವರಣೆಯೇ ಮುಖ್ಯ ಆಧಾರ.

ವಿಧಾನವನ್ನು ಬರಹದಲ್ಲಿ ನಿರೂಪಿಸಿದವನು ಲಿಯೋನ್ ಬಾಟಿಸ್ಟಾ ಆಲ್ಬೆರ್ಟಿ. ಚಿತ್ರಕಲೆಯನ್ನು ಕುರಿತ ತನ್ನ ಗ್ರಂಥದ ಇಟಾಲಿಯನ್ ಆವೃತ್ತಿಯನ್ನು ಆತ ಬ್ರುನೆಲ್ಲೆಸ್ಕಿಗೆ ಅರ್ಪಿಸಿದನು. ಸಾಂತಾ ಮಾರಿಯಾ ನೊವೆಲ್ಲಾ ಚರ್ಚಿನಲ್ಲಿ ಮಸಾಚೊ ಬರೆದ ತ್ರಿತ್ವದ ಭಿತ್ತಿಚಿತ್ರ ಈ ವಿಧಾನದ ಆರಂಭದ ಶ್ರೇಷ್ಠ ನಿದರ್ಶನವಾಗಿದೆ.

ಗುಮ್ಮಟದ ನಿರ್ಮಾಣ

ಕ್ಯಾಥೆಡ್ರಲ್‌ನ ಗೋಡೆಗಳು ಮೇಲೆದ್ದಿದ್ದರೂ ಸುಮಾರು 45 ಮೀಟರ್ ಅಗಲದ ಅಷ್ಟಕೋನದ ಮೇಲೆ ಗುಮ್ಮಟವನ್ನು ಕಟ್ಟುವ ಬಗೆ ತಿಳಿದಿರಲಿಲ್ಲ. ಅಷ್ಟು ವಿಸ್ತಾರಕ್ಕೆ ನೆಲದಿಂದ ಮರದ ಆಧಾರ ಕಟ್ಟುವುದು ದುಸ್ಸಾಧ್ಯವಾಗಿತ್ತು. 1418ರ ಸ್ಪರ್ಧೆಯಲ್ಲಿ ಬ್ರುನೆಲ್ಲೆಸ್ಕಿ ಅಂತಹ ಆಧಾರವಿಲ್ಲದೆಯೇ ಕಟ್ಟುವ ಉಪಾಯವನ್ನು ಮುಂದಿಟ್ಟನು. 1420ರಲ್ಲಿ ಕೆಲಸ ಆರಂಭವಾದಾಗ ಗಿಬೆರ್ಟಿಯನ್ನೂ ಜೊತೆಗೆ ನೇಮಿಸಲಾಯಿತು. ಕಾಲಕ್ರಮದಲ್ಲಿ ಹೊಣೆಯೆಲ್ಲ ಬ್ರುನೆಲ್ಲೆಸ್ಕಿಯದೇ ಆಯಿತು. ಗುಮ್ಮಟಕ್ಕೆ ಒಳಗೊಂದು, ಹೊರಗೊಂದು ಎಂದು ಎರಡು ಕವಚಗಳಿವೆ. ಅಡ್ಡ ಸಾಲುಗಳ ನಡುವೆ ಅಲ್ಲಲ್ಲಿ ನೆಟ್ಟಗೆ ಇಟ್ಟ ಇಟ್ಟಿಗೆಗಳು ಹಸಿ ಗಾರೆಯ ಸಾಲು ಜಾರದಂತೆ ಹಿಡಿದಿಡುತ್ತವೆ. ಭಾರವನ್ನು ಮೇಲೆತ್ತಲು ಆತ ಎತ್ತುಗಳಿಂದ ನಡೆಯುವ ಯಂತ್ರವನ್ನು ನಿರ್ಮಿಸಿದನು. ಗುಮ್ಮಟ 1436ರಲ್ಲಿ ಪೂರ್ಣಗೊಂಡಿತು.

ಇತರ ಕಾರ್ಯಗಳು

1419ರಲ್ಲಿ ಆರಂಭವಾದ ಅನಾಥ ಶಿಶುಗಳ ಆಶ್ರಯಧಾಮ, ಸಾನ್ ಲೊರೆಂಜೊ ಮತ್ತು ಸಾಂತೊ ಸ್ಪಿರಿತೊ ಚರ್ಚುಗಳು ಈತನ ಇತರ ಮುಖ್ಯ ಕೃತಿಗಳು. ಅಮೃತಶಿಲೆಯನ್ನು ಸಾಗಿಸಲು ರೂಪಿಸಿದ ನೌಕೆಗಾಗಿ 1421ರಲ್ಲಿ ಫ್ಲಾರೆನ್ಸ್ ಸರ್ಕಾರ ಮೂರು ವರ್ಷಗಳ ಏಕಸ್ವಾಮ್ಯವನ್ನು ನೀಡಿತು. ಇದನ್ನು ಅತ್ಯಂತ ಹಳೆಯ ಪೇಟೆಂಟುಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ಆದರೆ ಆ ನೌಕೆ ಸರಕಿನೊಂದಿಗೆ ಮುಳುಗಿ ನಷ್ಟವುಂಟಾಯಿತು.

ನಿಧನ ಮತ್ತು ಪ್ರಭಾವ

ಗುಮ್ಮಟದ ತುದಿಯ ದೀಪಗೋಪುರ ಪೂರ್ಣವಾಗುವುದನ್ನು ಕಾಣದೆಯೇ ಬ್ರುನೆಲ್ಲೆಸ್ಕಿ 1446ರಲ್ಲಿ ನಿಧನನಾದನು. ಆತನನ್ನು ಅದೇ ಕ್ಯಾಥೆಡ್ರಲ್‌ನಲ್ಲಿ ಸಮಾಧಿ ಮಾಡಲಾಯಿತು. ಸಮಾಧಿಯ ಸ್ಥಳ ಮರೆತುಹೋಗಿ, 1972ರಲ್ಲಿ ಮತ್ತೆ ಪತ್ತೆಯಾಯಿತು.

ಇಂದಿನ ಕಂಪ್ಯೂಟರ್ ವಿನ್ಯಾಸ ತಂತ್ರಾಂಶಗಳಲ್ಲಿ ಕಟ್ಟಡದ ಪರ್ಸ್ಪೆಕ್ಟಿವ್ ನೋಟವನ್ನು ಪಡೆಯಲು ಕ್ಯಾಮೆರಾದ ಸ್ಥಾನವನ್ನೂ ಅದು ನೋಡುವ ಬಿಂದುವನ್ನೂ ನಿಗದಿಪಡಿಸಬೇಕು. ಕ್ಯಾಮೆರಾದಿಂದ ದೂರ ಹೆಚ್ಚಿದಷ್ಟೂ ಅಳತೆಯನ್ನು ಕುಗ್ಗಿಸುವ ಲೆಕ್ಕವನ್ನು ಯಂತ್ರ ಮಾಡುತ್ತದೆ. ಹೀಗಾಗಿ ದೂರಕ್ಕೆ ಸಾಗುವ ಸಮಾನಾಂತರ ಗೆರೆಗಳು ಪರದೆಯ ಮೇಲೆ ಒಂದೇ ಬಿಂದುವಿನತ್ತ ಕೂಡಿಬರುತ್ತವೆ. ಹಲಗೆಯ ರಂಧ್ರ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಕ್ಯಾಮೆರಾದ ಸ್ಥಾನ ಮಾಡುತ್ತದೆ.