ಹೆಸರನ್ನು ಬಚ್ಚಿಟ್ಟ ನಂದಳಿಕೆಯ ಕವಿ

ಕಾರ್ಕಳದಿಂದ ಪಡುಬಿದ್ರಿಯ ಕಡೆಗೆ ಇಳಿಯುವ ಹಾದಿಯಲ್ಲಿ, ಬೆಳ್ಮಣ್ಣಿಗೆ ಸಮೀಪವಾಗಿ, ನಂದಳಿಕೆಯೆಂಬ ಗ್ರಾಮವಿದೆ. ಮಹಾಲಿಂಗೇಶ್ವರನ ದೇವಾಲಯಕ್ಕೂ ಸಿರಿ ಜಾತ್ರೆಗೂ ಹೆಸರಾದ ಊರು. ಸಾಹಿತ್ಯದಲ್ಲಿ ಆಸಕ್ತಿಯುಳ್ಳವರಿಗಾದರೋ ಈ ಊರಿನ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವವನು ಮುದ್ದಣ. ಆದರೆ ಮುದ್ದಣನು ಬದುಕಿದ್ದ ಕಾಲದಲ್ಲಿ ಆ ಊರಿಗೂ ಈ ಹೆಸರಿನ ಕವಿಗೂ ಸಂಬಂಧವುಂಟೆಂದು ಕನ್ನಡನಾಡು ತಿಳಿದಿರಲಿಲ್ಲ. ತಿಳಿಯಬಾರದೆಂದೇ ಆತನ ಸಂಕಲ್ಪವಾಗಿತ್ತು.

ಗ್ರಂಥಕರ್ತೃತ್ವದ ಜಗಳಗಳು ಸಾಹಿತ್ಯಲೋಕಕ್ಕೆ ಹೊಸತಲ್ಲ. ಷೇಕ್ಸ್‌ಪಿಯರನ ನಾಟಕಗಳು ಬೇಕನ್ನನವೆಂದು ವಾದಿಸಿದವರುಂಟು. ಗಣಪತಿ ಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಪ್ರಕಟಿಸಿದ ಹದಿಮೂರು ನಾಟಕಗಳು ನಿಜವಾಗಿ ಭಾಸನವೇ ಎಂಬ ಚರ್ಚೆ ಮುಗಿಯಲೇ ಇಲ್ಲ. ನಮ್ಮ ಕರಾವಳಿಯಲ್ಲಿಯೇ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆಯುತ್ತ ಬಂದ ರಾಮಾಯಣ ಪ್ರಸಂಗಗಳ ಕುರಿತು ಶಿವರಾಮ ಕಾರಂತರು ಸಂಶಯವೆತ್ತಿದರು; ಕುಕ್ಕಿಲ ಕೃಷ್ಣ ಭಟ್ಟರು ಅದನ್ನು ಖಂಡಿಸಿ ಸುಬ್ಬನ ಪಕ್ಷವನ್ನು ಹಿಡಿದರು. ಈ ಎಲ್ಲ ಪ್ರಕರಣಗಳಲ್ಲಿಯೂ ಒಬ್ಬನ ಕೃತಿಗೆ ಇನ್ನೊಬ್ಬನನ್ನು ಒಡೆಯನನ್ನಾಗಿ ನಿಲ್ಲಿಸಿದವರು ಅನಂತರದ ವಿದ್ವಾಂಸರು. ನಂದಳಿಕೆಯ ಕವಿಯ ಕಥೆ ವಿಪರೀತವಾದುದು. ಇಲ್ಲಿ ಕವಿಯೇ ತನ್ನ ಕೃತಿಯನ್ನು ತನ್ನದಲ್ಲವೆಂದನು.

ಆತನ ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ಜನನ 1870ನೆಯ ಜನವರಿ 24. ತಂದೆ ಪಾಟಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮನೆಯಲ್ಲಿ ಬಡತನವಿತ್ತು. ಮುದ್ದಣನೆಂಬುದು ಹುಡುಗನನ್ನು ಅಕ್ಕರೆಯಿಂದ ಕರೆಯುತ್ತಿದ್ದ ಹೆಸರು. ಊರಿನ ಶಾಲೆಯ ಓದು ಮುಗಿದ ಮೇಲೆ ಇಂಗ್ಲಿಷ್ ಕಲಿಯಲೆಂದು ಉಡುಪಿಗೆ ಬಂದದ್ದಾಯಿತು. ಮುಂದೆ ಓದಿಸುವ ಅನುಕೂಲ ಮನೆಯವರಿಗಿರಲಿಲ್ಲ. ಕೊನೆಗೆ ದೊರೆತ ದಾರಿ ವ್ಯಾಯಾಮ ಶಿಕ್ಷಣದ್ದು. ಮದರಾಸಿಗೆ ಹೋಗಿ ಅದರಲ್ಲಿ ತರಬೇತಿ ಪಡೆದು ಬಂದು, ಉಡುಪಿ ಕುಂದಾಪುರಗಳ ಶಾಲೆಗಳಲ್ಲಿ ಹುಡುಗರಿಗೆ ಕವಾಯತು ಕಲಿಸುವ ಮಾಸ್ತರರಾದರು. (ಕವಿಯನ್ನು ಏಕವಚನದಲ್ಲಿಯೂ ಮಾಸ್ತರರನ್ನು ಬಹುವಚನದಲ್ಲಿಯೂ ಹೇಳುವುದು ನಮ್ಮ ವಾಡಿಕೆ. ಈ ಒಂದು ಜೀವದ ವಿಷಯದಲ್ಲಿ ಅದು ತೊಡಕಿನದೇ ಸರಿ, ವಾಚಕರು ಮನ್ನಿಸಬೇಕು.)

ಹಗಲೆಲ್ಲ ಮೈದಾನದ ಬಿಸಿಲಿನಲ್ಲಿ ಹುಡುಗರ ಸಾಲುಗಳನ್ನು ನೇರಮಾಡುತ್ತಿದ್ದ ಈ ಮಾಸ್ತರರು ಉಳಿದ ಹೊತ್ತಿನಲ್ಲಿ ಹಳಗನ್ನಡವನ್ನು ಅರಗಿಸಿಕೊಂಡ ಬಗೆಯನ್ನು ನೆನೆದರೆ ವಿಸ್ಮಯವಾಗುತ್ತದೆ. ಮಳಲಿ ಸುಬ್ಬರಾಯರಂಥ ಹಿರಿಯರ ಒಡನಾಟ ಅವರಿಗೆ ದೊರೆಯಿತು. ಕಾಲವೂ ಅನುಕೂಲವಾಗಿತ್ತು. ಕಿಟ್ಟೆಲರು ಸಂಪಾದಿಸಿದ ಶಬ್ದಮಣಿದರ್ಪಣವು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿತ್ತು. ಅವರ ಮಹಾಕೋಶವು 1894ರಲ್ಲಿ ಅಲ್ಲಿಂದಲೇ ಹೊರಬಂದಿತು. ಘಟ್ಟದ ಮೇಲೆ ಮೈಸೂರಿನಲ್ಲಿ ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ ಕಾವ್ಯಮಂಜರಿ, ಕಾವ್ಯಕಲಾನಿಧಿಗಳೆಂಬ ಮಾಲೆಗಳನ್ನು ನಡೆಸಿ, ಓಲೆಗರಿಗಳಲ್ಲಿ ಹುದುಗಿದ್ದ ಪ್ರಾಚೀನ ಕಾವ್ಯಗಳನ್ನು ಒಂದೊಂದಾಗಿ ಬೆಳಕಿಗೆ ತರುತ್ತಿದ್ದರು. ಎಲ್ಲಿಯಾದರೂ ಒಂದು ಹಳೆಯ ಪ್ರತಿ ಸಿಕ್ಕಿತೆಂದರೆ ಅವರಿಗೆ ಹಬ್ಬ.

ಯಕ್ಷಗಾನದ ಗಾಳಿಯನ್ನೇ ಉಸಿರಾಡಿ ಬೆಳೆದ ತರುಣ ಬಯಲಾಟಕ್ಕೆ ಬರೆಯದಿರಲು ಸಾಧ್ಯವೇ? ರತ್ನಾವತಿ ಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳು ಅವರಿಂದ ರಚಿತವಾದುವು. ಮೇಳಗಳು ಇವನ್ನು ಇಂದಿಗೂ ಕೈಬಿಟ್ಟಿಲ್ಲ. ವಿಮರ್ಶಕರು ರಾಮಾಶ್ವಮೇಧದ ಸಡಗರದಲ್ಲಿ ಈ ನಾಟಕಕಾರನನ್ನು ಅಷ್ಟಾಗಿ ಗಮನಿಸಿಲ್ಲವೆಂಬುದು ನನ್ನ ಬಹುದಿನದ ದೂರು. ಆಡುವ ಮಾತಿಗೆ ಪ್ರತಿಮಾತು ಹುಟ್ಟಿಸುವ ಕಲೆಯನ್ನು ಆತ ಕಲಿತದ್ದು ಪಂಪ ರನ್ನರ ಬಳಿಯಲ್ಲಲ್ಲ, ಭಾಗವತನ ಜಾಗಟೆಯ ಮುಂದೆ. ಇದು ಮುಂದೆ ಉಪಯೋಗಕ್ಕೆ ಬಂದಿತು.

1895ರಲ್ಲಿ ಕಾವ್ಯಮಂಜರಿಯಲ್ಲಿ ಅದ್ಭುತ ರಾಮಾಯಣವೆಂಬ ಗದ್ಯಗ್ರಂಥವು ಪ್ರಕಟವಾಯಿತು. ಸೀತೆಯೇ ಸಹಸ್ರಕಂಠನಾದ ರಾವಣನನ್ನು ಕೊಲ್ಲುವ ವಿಚಿತ್ರ ಕಥೆ. ಮರುವರ್ಷ ವಾರ್ಧಕ ಷಟ್ಪದಿಯಲ್ಲಿ ಶ್ರೀರಾಮಪಟ್ಟಾಭಿಷೇಕ. ಶತಮಾನದ ಕೊನೆಗೆ ಕಾವ್ಯಕಲಾನಿಧಿಯಲ್ಲಿ ಶ್ರೀರಾಮಾಶ್ವಮೇಧ. ಮೂರನ್ನೂ ಕಳುಹಿಸಿದವರು ಉಡುಪಿಯ ಕಡೆಯ ಒಬ್ಬ ಉಪಾಧ್ಯಾಯರು. ಅವರು ಸಂಪಾದಕರಿಗೆ ತಿಳಿಸಿದುದರ ಸಾರಾಂಶ, ಇವು ತಮಗೆ ದೊರೆತ ಪುರಾತನ ಗ್ರಂಥಗಳ ಪ್ರತಿಗಳೆಂದು. ಶ್ರೀರಾಮಪಟ್ಟಾಭಿಷೇಕಕ್ಕೆ ಇಟ್ಟ ಕವಿನಾಮ ಮಹಾಲಕ್ಷ್ಮಿ, ಅಂದರೆ ಹೆತ್ತ ತಾಯಿಯ ಹೆಸರು. ರಾಮಾಶ್ವಮೇಧಕ್ಕೆ ಮುದ್ದಣ, ಅಂದರೆ ಮನೆಯ ಮುದ್ದಿನ ಹೆಸರು. ಬೇರೆಡೆ ಚಕ್ರಧಾರಿಯೆಂಬ ಹೆಸರನ್ನೂ ಬಳಸಿದ್ದುಂಟು. ಹೆಸರನ್ನು ಮುಚ್ಚುವುದಕ್ಕೂ ತನ್ನ ಮನೆಯೊಳಗಿನ ಹೆಸರುಗಳನ್ನೇ ಆರಿಸಿಕೊಂಡವನು ಪೂರ್ತಿಯಾಗಿ ಅಡಗಿಕೊಳ್ಳಲು ಬಯಸಿದ್ದನೆ? ನನಗೇಕೋ ನಂಬಿಕೆಯಿಲ್ಲ.

ಮೈಸೂರಿನ ಪಂಡಿತರು ನಂಬಿದರು. ಅವರನ್ನು ಇಂದು ನಾವು ನಗುವಂತಿಲ್ಲ. ಆ ಭಾಷೆಯ ಬಿಗಿ, ಆ ಸಮಾಸಗಳ ಓಟ, ಅಲ್ಲಲ್ಲಿ ಮಿನುಗುವ ಅಚ್ಚಗನ್ನಡದ ನುಡಿಗಳು ಇವನ್ನು ಕಂಡವರು ಇದೆಲ್ಲವೂ ಇಪ್ಪತ್ತೈದು ಇಪ್ಪತ್ತೊಂಬತ್ತರ ಪ್ರಾಯದ ಕವಾಯತು ಮಾಸ್ತರನೊಬ್ಬನ ಕೈಕೆಲಸವೆಂದು ಹೇಗೆ ತಾನೇ ಊಹಿಸಿಯಾರು? ಅಲ್ಲದೆ ದಕ್ಷಿಣ ಕನ್ನಡ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ ಸೀಮೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅಂಚೆಯ ಲಕೋಟೆಯ ಹೊರತು ಉಡುಪಿಗೂ ಮೈಸೂರಿಗೂ ಬೇರೆ ಸಂಪರ್ಕ ವಿರಳ.

ಆದರೂ ರಾಮಾಶ್ವಮೇಧವನ್ನು ಮೆಲ್ಲಗೆ ಓದಿದವರಿಗೆ ಒಂದು ಅನುಮಾನ ಸುಳಿಯಬೇಕಿತ್ತು. ಮಳೆಗಾಲದ ಒಂದು ದಿನ ಅರಮನೆಯಿಂದ ಮನೆಗೆ ಬರುವ ಮುದ್ದಣನನ್ನು ಮನೋರಮೆ ಉಪಚರಿಸಿ ಕಥೆ ಹೇಳೆಂದು ಕೇಳುತ್ತಾಳೆ. ಹೆಂಡತಿಯನ್ನು ಸಂಬೋಧಿಸಿ ಗ್ರಂಥ ರಚಿಸುವುದು ಪ್ರಾಚೀನರಲ್ಲಿಯೂ ಇದ್ದುದೇ. ನಾಗವರ್ಮನ ಛಂದೋಂಬುಧಿಯಲ್ಲಿ ಅಂಥ ಸಂಬೋಧನೆಯಿದೆ. ಅಲ್ಲಿಯ ಮಡದಿ ತುಟಿಬಿಚ್ಚುವುದಿಲ್ಲ. ಇಲ್ಲಿಯವಳು ಗಂಡನನ್ನು ಬಿಡುವುದೇ ಇಲ್ಲ. ಪದ್ಯ ಬೇಡ, ಗದ್ಯವೇ ಬೇಕೆನ್ನುತ್ತಾಳೆ. ಸಂಸ್ಕೃತದ ಬಿರುಸು ಹೆಚ್ಚಾದರೆ ತಡೆಯುತ್ತಾಳೆ. ವರ್ಣನೆ ಬೆಳೆದರೆ ಕಥೆ ಎಲ್ಲಿ ಎಂದು ಕೇಳುತ್ತಾಳೆ. ಸೀತೆಯ ಪರಿತ್ಯಾಗದ ಎಡೆಯಲ್ಲಿ ಅವಳ ಮನಸ್ಸು ಕಲಕುತ್ತದೆ. ಶತ್ರುಘ್ನನು ಕುದುರೆಯ ಬೆನ್ನುಹತ್ತಿ ದೇಶದೇಶ ತಿರುಗುವ ಕಥೆ, ಕುಶಲವರ ಕಾಳಗ ಎಲ್ಲವೂ ಪುರಾಣಕ್ಕೆ ಸೇರಿದುದು. ಈ ಮನೋರಮೆ ಮಾತ್ರ ಯಾವ ಪುರಾಣದವಳೂ ಅಲ್ಲ. ಅವಳು ಹೊಸ ಕಾಲದ ಓದುಗಳು, ಹೊಸ ಕಾಲದ ವಿಮರ್ಶಕಿ. ಯಾವ ಓಲೆಗರಿಯ ಕವಿಯೂ ತನ್ನನ್ನು ತನ್ನ ಮಡದಿಯ ಕೈಯಲ್ಲಿ ಇಷ್ಟು ಹಾಸ್ಯಕ್ಕೊಳಗು ಮಾಡಿಕೊಂಡುದಿಲ್ಲ.

ಈ ಪಾಠವನ್ನು ಮಾಡುವಾಗಲೆಲ್ಲ ತರಗತಿಯಲ್ಲಿ ಯಾರಾದರೂ ಒಬ್ಬರು ಕೇಳುವ ಪ್ರಶ್ನೆ, ಮನೋರಮೆಯೆಂದರೆ ಕವಿಯ ಹೆಂಡತಿಯೇ ಎಂದು. ಲಕ್ಷ್ಮೀನಾರಣಪ್ಪನವರ ಕೈಹಿಡಿದವರು ಶಿವಮೊಗ್ಗದ ಕಡೆಯ ಕಮಲಾಬಾಯಿ, ಮದುವೆಯಾದದ್ದು 1893ರಲ್ಲಿ, ರಾಧಾಕೃಷ್ಣನೆಂಬ ಮಗ. ಕಾವ್ಯದ ಮುದ್ದಣನಿಗೆ ರಾಜಾಶ್ರಯವಿದೆ. ಉಡುಪಿಯ ಮಾಸ್ತರರ ಮನೆಯಲ್ಲಿ ತಿಂಗಳ ಸಂಬಳವೇ ಆಶ್ರಯ, ಅದೂ ಸಾಲದು. ಮೈಯಲ್ಲಿ ಕ್ಷಯರೋಗ ಮನೆಮಾಡಿತ್ತು. ಹುಡುಗರ ದೇಹಬಲವನ್ನು ಬೆಳೆಸುವ ವೃತ್ತಿಯವರು ತಮ್ಮ ಎದೆಯನ್ನು ಉಳಿಸಿಕೊಳ್ಳಲಾರದೆ ಹೋದರು. ಆ ಮನೆಯಲ್ಲಿ ಕುಳಿತು ಬರೆದ ಪುಟಗಳಲ್ಲಿ ಇಷ್ಟೊಂದು ನಗೆಯಿದೆ!

ಹೀಗೇಕೆ ಮರೆಮಾಡಿದರು? ಹೊಸಬನ ಬರೆಹವೆಂದರೆ ಪಂಡಿತರು ಮುಟ್ಟಲಾರರೆಂಬ ಅಂಜಿಕೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಚ್ಯಾಟರ್‌ಟನ್ ಎಂಬ ಬಾಲಕ ತನ್ನ ಕವಿತೆಗಳನ್ನು ಹದಿನೈದನೆಯ ಶತಮಾನದ ಪಾದ್ರಿಯೊಬ್ಬನ ಹೆಸರಿಗೆ ಕಟ್ಟಿ, 1770ರಲ್ಲಿ ಹದಿನೇಳರ ಪ್ರಾಯದಲ್ಲಿಯೇ ವಿಷ ಸೇವಿಸಿ ಸತ್ತನು. ಅವನನ್ನು ವಂಚಕನೆಂದವರೇ ಬಹುಕಾಲ ಹೆಚ್ಚು. ನಮ್ಮವರು ಮುದ್ದಣನನ್ನು ಹಾಗೆನ್ನಲಿಲ್ಲ. ಹೇಗೆ ಹೇಳುವುದು? ಕಳವು ಮಾಡಿದವನು ಪರರ ಸೊತ್ತನ್ನು ತನ್ನದೆನ್ನುತ್ತಾನೆ. ಇವನು ತನ್ನ ಸೊತ್ತನ್ನು ಪರರದೆಂದು ಹಂಚಿದನು. ಆದರೆ ಸಂಪಾದಕರು ಮೋಸಹೋದದ್ದಂತೂ ನಿಜ. ಸಾಹಿತ್ಯಚರಿತ್ರೆಯ ದೃಷ್ಟಿಯಿಂದ ಅದು ಸಣ್ಣ ತಪ್ಪೇನಲ್ಲವೆಂದು ನನ್ನ ಅಭಿಪ್ರಾಯ. ಅಂಜಿಕೆಯ ಜೊತೆಗೆ ಆಟದ ಸಂತೋಷವೂ ಇದ್ದಿರಬೇಕು. ಬಯಲಾಟದ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡವನನ್ನು ಅವನ ಮನೆಯ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಬೆಳಗಾಗುವವರೆಗೆ ಆತ ಅರ್ಜುನ, ಇಲ್ಲವೇ ಶೂರಪದ್ಮ. ಇವರ ಬೆಳಗು ಬಾರದೇ ಹೋಯಿತು, ಅಷ್ಟೇ.

1901ರ ಫೆಬ್ರುವರಿಯಲ್ಲಿ ಲಕ್ಷ್ಮೀನಾರಣಪ್ಪನವರು ತೀರಿಕೊಂಡರು. ವಯಸ್ಸು ಮೂವತ್ತೊಂದು. ರಾಮಾಶ್ವಮೇಧದ ಕರ್ತೃ ಯಾವ ಪ್ರಾಚೀನನೂ ಅಲ್ಲ, ನಂದಳಿಕೆಯ ಈ ಉಪಾಧ್ಯಾಯರೇ ಎಂಬ ಸಂಗತಿ ನಾಡಿಗೆ ತಿಳಿದು ಸ್ಥಿರವಾದದ್ದು ಅವರ ಮರಣಾನಂತರ. ಆಮೇಲೆ ಹೊಗಳಿಕೆಗೆ ಕೊರತೆಯಾಗಲಿಲ್ಲ. ಹೊಸಗನ್ನಡದ ಮುಂಗೋಳಿಯೆಂಬ ಬಿರುದು ಬಂದಿತು. ಪಠ್ಯಪುಸ್ತಕಗಳಲ್ಲಿ ಮುದ್ದಣ ಮನೋರಮೆಯರ ಸಲ್ಲಾಪ ಸೇರಿತು. 2017ರಲ್ಲಿ ಅಂಚೆ ಇಲಾಖೆಯವರು ಕವಿಯ ಸ್ಮರಣೆಗಾಗಿ ಅಂಚೆಚೀಟಿಯನ್ನೂ ಹೊರತಂದರು. ಪರರ ಹೆಸರಿನ ಕಟ್ಟುಗಳನ್ನು ಅಂಚೆಗೆ ಹಾಕುತ್ತಿದ್ದವರಿಗೆ ದೊರೆತ ಮರ್ಯಾದೆ!

ಗೋದಾವರಿಯೆಂಬ ಕಾದಂಬರಿಯೊಂದಕ್ಕೂ ಅವರು ಕೈಹಾಕಿದ್ದರು. ಪುರಾಣವನ್ನೂ ಪ್ರಾಚೀನತೆಯ ಮುಸುಕನ್ನೂ ಬಿಟ್ಟು ಹೊಸ ಪ್ರಕಾರದಲ್ಲಿ ಬರೆಯಹೊರಟ ಬರೆಹ. ಓಲೆಗರಿಯಲ್ಲಿ ಸಿಕ್ಕಿತೆಂದು ಹೇಳಿ ಕಾದಂಬರಿಯನ್ನು ಮೈಸೂರಿಗೆ ಕಳುಹಿಸಲಾಗುತ್ತಿರಲಿಲ್ಲ. ಅದಕ್ಕೆ ಯಾವ ಹೆಸರನ್ನು ಹಾಕುತ್ತಿದ್ದರೋ! ಗೋದಾವರಿ ಪೂರ್ತಿಯಾಗಲಿಲ್ಲ, ಬರೆದಷ್ಟು ಭಾಗವೂ ನಮ್ಮ ಕೈಗೆ ಉಳಿದುಬಂದಿಲ್ಲ.