ಬಾಲವನದಿಂದ ಜಗತ್ತನ್ನು ತೋರಿಸಿದ ಕಾರಂತರು

ಕರ್ನಾಟಕದ ಮನೆಗಳಿಗೆ ದೂರದರ್ಶನ ಬರುವುದಕ್ಕೆ ದಶಕಗಳ ಮೊದಲೇ, ನಾಡಿನ ಮಕ್ಕಳ ಮುಂದೆ ಜಗತ್ತಿನ ಅಚ್ಚರಿಗಳನ್ನು ಚಿತ್ರಸಹಿತ ತೆರೆದಿಟ್ಟವರೊಬ್ಬರು ಪುತ್ತೂರಿನಲ್ಲಿದ್ದರು. ಅವರೇ ಕಡಲತೀರದ ಭಾರ್ಗವರೆಂದು ಹೆಸರಾದ ಡಾ. ಕೋಟ ಶಿವರಾಮ ಕಾರಂತರು.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು, ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದರು. ಖಾದಿ ಪ್ರಚಾರಕ್ಕಾಗಿ ಊರೂರು ಅಲೆದರು, 'ವಸಂತ' ಮಾಸಪತ್ರಿಕೆ ನಡೆಸಿದರು, ನಾಟಕ ಬರೆದು ಆಡಿಸಿದರು. ಮಾತಿಲ್ಲದ ಚಲನಚಿತ್ರಗಳ ಕಾಲದಲ್ಲಿ ಆ ಮಾಧ್ಯಮಕ್ಕೂ ಕೈಹಾಕಿ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿಚಿತ್ರಗಳನ್ನು ನಿರ್ಮಿಸಿದರು.

ಸುಮಾರು ನಾಲ್ಕು ದಶಕಗಳ ಕಾಲ ಪುತ್ತೂರು ಅವರ ಕರ್ಮಭೂಮಿಯಾಯಿತು. ಇಲ್ಲಿನ ದಸರಾ ನಾಡಹಬ್ಬಕ್ಕೆ ಸಾಹಿತ್ಯ, ಸಂಗೀತ, ನೃತ್ಯಗಳ ಮೆರುಗು ನೀಡಿದವರು ಅವರು. ಪರ್ಲಡ್ಕದ ಗುಡ್ಡದ ಮೇಲೆ 'ಬಾಲವನ'ವನ್ನು ಕಟ್ಟಿ, ಮಕ್ಕಳು ಆಟ, ಕುಣಿತ, ಪ್ರಕೃತಿಗಳ ಒಡನಾಟದಲ್ಲೇ ಕಲಿಯಬೇಕೆಂಬ ಪ್ರಯೋಗಕ್ಕೆ ತೊಡಗಿದರು. 1936ರಲ್ಲಿ ಜಾತಿಯ ಗಡಿ ದಾಟಿ ಲೀಲಾ ಅವರನ್ನು ವಿವಾಹವಾದರು. ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ, ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಏಕಾಂಗಿಯಾಗಿ ರಚಿಸಿದರು. ವಿದ್ವಾಂಸರ ತಂಡವೇ ಕೈಗೊಳ್ಳಬೇಕಾದ ಕೆಲಸವದು. ಪ್ರಯೋಗಗಳಿಂದ ಹಣಕಾಸಿನ ಸಂಕಷ್ಟ ಎದುರಾದಾಗಲೂ ಅವರು ಎದೆಗುಂದಲಿಲ್ಲ.

ಕಾಡು ಸುತ್ತುವ ಹವ್ಯಾಸ ಅವರ ಬರಹಕ್ಕೂ ಇಳಿಯಿತು. ಇಂದು ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದಿಂದ ಸುಳ್ಯ ತಾಲೂಕಿನ ಪಂಜದತ್ತ ಹೊರಟವನೊಬ್ಬ ದಾರಿ ತಪ್ಪಿ, ಗೋಪಾಲಯ್ಯ ಎಂಬ ವೃದ್ಧ ಕೃಷಿಕನ ಮನೆ ಸೇರುವ ಕಥೆಯೇ 1943ರ 'ಬೆಟ್ಟದ ಜೀವ'. ಕಾಡನ್ನು ಹಸನುಗೊಳಿಸಿ ತೋಟ ಮಾಡಿದ ಮುದುಕ, ಮನೆಬಿಟ್ಟು ಹೋದ ಮಗನಿಗಾಗಿ ಹಂಬಲಿಸುವ ತಾಯಿ ಇಂದಿಗೂ ಈ ಸೀಮೆಯ ಓದುಗರಿಗೆ ತಮ್ಮ ಮನೆಯವರಂತೆಯೇ ಕಾಣುತ್ತಾರೆ. 2011ರಲ್ಲಿ ಪಿ. ಶೇಷಾದ್ರಿ ಈ ಕಾದಂಬರಿಯನ್ನು ತೆರೆಗೆ ತಂದರು.

'ಯಕ್ಷಗಾನ ಬಯಲಾಟ' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಲಭಿಸಿದವು. ಆದರೆ ಕೀರ್ತಿಗಿಂತ ಆತ್ಮಸಾಕ್ಷಿಯೇ ಅವರಿಗೆ ದೊಡ್ಡದು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಎಂಬತ್ತರ ಗಡಿ ದಾಟಿದ ಮೇಲೂ ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿ, 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸೋಲು ಅವರನ್ನು ಮೌನಿಯಾಗಿಸಲಿಲ್ಲ.

ಬದುಕಿನ ಕೊನೆಯ ದಶಕಗಳನ್ನು ಸಾಲಿಗ್ರಾಮದಲ್ಲಿ ಕಳೆದ ಕಾರಂತರು 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 95 ವರ್ಷ. ಪುತ್ತೂರಿನ ಬಾಲವನಕ್ಕೆ ಭೇಟಿ ನೀಡುವವರಿಗೆ ಇಂದು ಕಾಣುವುದು ಒಬ್ಬ ಸಾಹಿತಿಯ ಮನೆ ಮಾತ್ರವಲ್ಲ. ಕಲಿಕೆಯೆಂದರೆ ಕಣ್ತೆರೆದು ನೋಡುವುದೆಂದು ನಂಬಿದ ಜೀವವೊಂದರ ಹೆಜ್ಜೆಗುರುತು.